ಒಲೆಗೆ ಸಾಲದ ಅನಿಲ

ವಿದ್ಯಾಸಂಸ್ಥೆಗಳ ಜ್ಞಾನವು ಹಳ್ಳಿಗೆ ಹೋಗಬೇಕೆಂಬ ಮಾತನ್ನು ನಾವು ಆಗಾಗ್ಗೆ ಕೇಳುತ್ತೇವೆ. ಹೋದ ಮೇಲೆ ಏನಾಗುವುದೆಂದು ತಿಳಿಯಲು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮವನ್ನು ನೋಡೋಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ, ಗ್ರಾಮಗಳಿಗೆ ವಿಜ್ಞಾನವನ್ನು ಒದಗಿಸಲೆಂದು ‘ಅಸ್ತ್ರ’ ಎಂಬ ಘಟಕವನ್ನು ಆರಂಭಿಸಿದರು. ಘಟಕದವರು ಪುರದಲ್ಲಿ ಸೌದೆಯ ಖರ್ಚನ್ನೂ ಜನರ, ಎತ್ತುಗಳ ದುಡಿಮೆಯನ್ನೂ ಲೆಕ್ಕಹಾಕಿದರು. ಶಕ್ತಿಯ ಬಹುಭಾಗ ಒಲೆಗೇ ಹೋಗುತ್ತಿತ್ತು. ಸಗಣಿಯಿಂದ ಅನಿಲ ತೆಗೆದು ಒಲೆ ಉರಿಸಿದರೆ ಸೌದೆ ಉಳಿಯುವುದಲ್ಲವೆ? ಕಾಗದದ ಮೇಲೆ ಯೋಜನೆ ಸೊಗಸಾಗಿಯೇ ಇತ್ತು.

ಆದರೆ ಹಗಲು ಮೇಯುವ ದನಗಳ ಸಗಣಿ ಬಯಲಿನ ಪಾಲು. ರಾತ್ರಿ ಕೊಟ್ಟಿಗೆಯಲ್ಲಿ ಬಿದ್ದುದಷ್ಟೇ ಕೈಗೆ ಸಿಗುವುದು. ಒಂದು ಕಿಲೋಗ್ರಾಂ ಸಗಣಿಯಿಂದ ಬರುವ ಅನಿಲ ಸುಮಾರು 35-40 ಲೀಟರು. ಒಬ್ಬರ ಒಂದು ದಿನದ ಅಡಿಗೆಗೆ 200 ಲೀಟರಿಗೂ ಹೆಚ್ಚು ಬೇಕು. ಎಲ್ಲ ಮನೆಗಳಿಗೂ ಅನಿಲ ಸಾಲಲಿಲ್ಲ, ಪ್ರಯೋಗ ಕೈಗೂಡಲಿಲ್ಲ.

ಬಳಿಕ ಊರವರೊಡನೆ ಕುಳಿತು ಚರ್ಚಿಸಿದಾಗ, ಅವರಿಗೆ ಮೊದಲು ಬೇಕಾದುದು ಕುಡಿಯುವ ನೀರೆಂದು ತಿಳಿಯಿತು. (ಇದನ್ನು ಮೊದಲೇ ಕೇಳಬಹುದಾಗಿತ್ತು!) 1987ರಿಂದ ಆ ಅನಿಲವು 5 ಕಿಲೋವಾಟಿನ ಡೀಸೆಲ್ ಎಂಜಿನನ್ನು ನಡೆಸತೊಡಗಿತು. ಜೊತೆಗೆ ತುಸು ಡೀಸೆಲೂ ಬೇಕಾಗುತ್ತಿತ್ತು. ಏಕೆಂದರೆ ಎಂಜಿನ್ನಿನ ಒತ್ತಡದ ಶಾಖಕ್ಕೆ ಈ ಅನಿಲ ತಾನಾಗಿ ಹೊತ್ತಿಕೊಳ್ಳದು. ಹೀಗೆ ಹುಟ್ಟಿದ ವಿದ್ಯುತ್ತು ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಏರಿಸಿತು, ಮನೆಗಳಲ್ಲಿ ದೀಪ ಬೆಳಗಿಸಿತು. ಒಲೆಗೆ ಸಾಲದ ಅನಿಲ ಇದಕ್ಕೆ ಸಾಕಾಯಿತು.

ಸಗಣಿ ತಂದುಕೊಟ್ಟವರಿಗೆ ಹೊತ್ತು ತಂದ ಕೂಲಿ ಸಿಗುತ್ತಿತ್ತು. ಅನಿಲ ತೆಗೆದ ಬಗ್ಗಡವನ್ನೂ ಅವರು ಮರಳಿ ಒಯ್ಯುತ್ತಿದ್ದರು. ಅನಿಲದಲ್ಲಿ ಹೊರಹೋಗುವುದು ಮುಖ್ಯವಾಗಿ ಇಂಗಾಲ ಮತ್ತು ಜಲಜನಕ; ಬೆಳೆಗೆ ಬೇಕಾದ ಸಾರಜನಕ ಬಗ್ಗಡದಲ್ಲಿಯೇ ಉಳಿದು ಹೊಲ ಸೇರುತ್ತಿತ್ತು.