ಮೇಣದ ಗೆರೆ ಎಳೆಯುವ ಯೋಗ್ಯಕರ್ತ

ಜಾವಾ ದ್ವೀಪದ ನಡುಭಾಗದ ಯೋಗ್ಯಕರ್ತ ನಗರಕ್ಕೆ ಉತ್ತರದಲ್ಲಿ ಮೆರಾಪಿ ಜ್ವಾಲಾಮುಖಿ, ದಕ್ಷಿಣದಲ್ಲಿ ಹಿಂದೂ ಮಹಾಸಾಗರ. 1755ರ ಗಿಯಾಂತಿ ಒಪ್ಪಂದದಿಂದ ಮಾತರಂ ರಾಜ್ಯ ಎರಡು ಹೋಳಾದ ಮೇಲೆ ಸುಲ್ತಾನ ಒಂದನೆಯ ಹಮೆಂಕುಬುವೊನೊ ಇಲ್ಲಿ ಅರಮನೆ ಕಟ್ಟಿಸಿದ. ಡಚ್ಚರ ವಿರುದ್ಧದ ಹೋರಾಟ ನಡೆಯುತ್ತಿದ್ದಾಗ, 1946ರಲ್ಲಿ, ಇಂಡೊನೇಷ್ಯಾದ ಹೊಸ ಗಣರಾಜ್ಯದ ರಾಜಧಾನಿ ಇಲ್ಲಿಗೆ ಬಂತು. ಇಂದಿಗೂ ಸುಲ್ತಾನರೇ ಈ ಪ್ರಾಂತ್ಯದ ಗವರ್ನರ್.

ತುಗು ರೈಲು ನಿಲ್ದಾಣದ ಪಕ್ಕದಿಂದ ಅರಮನೆಯ ಕಡೆಗೆ ಸಾಗುವುದು ಮಾಲಿಯೊಬೊರೊ ಬೀದಿ. ಇಲ್ಲಿನ ಸೈಕಲ್ ರಿಕ್ಷಾ ‘ಬೇಚಾ’ದಲ್ಲಿ ಸವಾರಿಯವರು ಮುಂದೆ ಕೂರುತ್ತಾರೆ, ತುಳಿಯುವವನು ಹಿಂದಿರುತ್ತಾನೆ. ಪಾದಚಾರಿ ಮಾರ್ಗದ ವ್ಯಾಪಾರಿಗಳನ್ನು 2022ರಲ್ಲಿ ಬೇರೆ ಕಟ್ಟಡಗಳಿಗೆ ಸಾಗಿಸಲಾಯಿತು. ಬೀದಿ ಅಚ್ಚುಕಟ್ಟಾಯಿತು, ಅದರ ಗದ್ದಲದ ಸೊಗಸು ಮಾತ್ರ ಕಡಿಮೆಯಾಯಿತು. ಎಳೆ ಹಲಸಿನಕಾಯಿಯನ್ನು ತೆಂಗಿನ ಹಾಲು, ತಾಳೆಬೆಲ್ಲದಲ್ಲಿ ಗಂಟೆಗಟ್ಟಲೆ ಬೇಯಿಸಿದ ‘ಗುಡೆಗ್’ ಊರಿನ ಹೆಮ್ಮೆಯ ಅಡುಗೆ.

ಆದರೆ ಈ ಊರಿನ ನಿಜವಾದ ಸಂಪತ್ತು ಬಾಟಿಕ್, ಅಂದರೆ ಮೇಣದ ಗೆರೆ ಎಳೆದು ಬಟ್ಟೆಗೆ ಬಣ್ಣ ಹಾಕುವ ಕಲೆ. ನಗರದ ದಕ್ಷಿಣಕ್ಕೆ, ಇಮೊಗಿರಿಯ ರಾಜಸಮಾಧಿಗಳ ಬೆಟ್ಟದ ಬಳಿ, ಗಿರಿಲೋಯೊ ಎಂಬ ಹಳ್ಳಿಯಿದೆ. ಅಲ್ಲಿನ ಹೆಂಗಸರು ಪುಟ್ಟ ಒಲೆಯ ಸುತ್ತ ಕುಳಿತು ಕರಗಿದ ಮೇಣವನ್ನು ‘ಚಾಂಟಿಂಗ್’ನಲ್ಲಿ ಮೊಗೆಯುತ್ತಾರೆ. ಮರದ ಹಿಡಿಗೆ ಸಣ್ಣ ತಾಮ್ರದ ಬಟ್ಟಲು, ಬಟ್ಟಲಿಗೊಂದು ಕೊಳವೆಮೂತಿ, ಉಪಕರಣವೆಂದರೆ ಇಷ್ಟೇ. ಮೇಣ ಆರಿದರೆ ಗೆರೆ ಬಟ್ಟೆಯೊಳಗೆ ಇಳಿಯದು, ಅತಿ ಕಾದರೆ ಹರಡಿಬಿಡುತ್ತದೆ. ಮೇಣ ಕೂತ ಜಾಗಕ್ಕೆ ಬಣ್ಣ ಹತ್ತುವುದಿಲ್ಲ. ಹಾಗಾಗಿ ಒಂದೊಂದು ಬಣ್ಣಕ್ಕೂ ಮೇಣ ಬಳಿಯಬೇಕು, ಅದ್ದಬೇಕು, ಒಣಗಿಸಬೇಕು. ಕೊನೆಗೆ ಕುದಿನೀರಿನಲ್ಲಿ ಹಾಕಿ ಮೇಣ ಬಿಡಿಸುತ್ತಾರೆ. ಸೀರೆಯಳತೆಗಿಂತ ಚಿಕ್ಕದಾದ ಇಂಥ ಒಂದು ಬಟ್ಟೆಗೂ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ನೀಲಿ, ಕಂದು, ಬಿಳಿ ಇಲ್ಲಿನ ಹಳೆಯ ಬಣ್ಣಗಳು. ಓರೆ ಪಟ್ಟೆಗಳ ‘ಪಾರಂಗ್’ ವಿನ್ಯಾಸವನ್ನು ಒಂದು ಕಾಲಕ್ಕೆ ರಾಜಮನೆತನದವರಲ್ಲದೆ ಬೇರೆಯವರು ಉಡುವಂತಿರಲಿಲ್ಲ.

ಬಹುಕಾಲ ಈ ಹೆಂಗಸರು ಮೇಣದ ಕೆಲಸವನ್ನಷ್ಟೇ ಮಾಡಿ, ಬಟ್ಟೆಯನ್ನು ನಗರದ ವರ್ತಕರಿಗೆ ಕೊಟ್ಟು, ಅಲ್ಪ ಕೂಲಿ ಪಡೆಯುತ್ತಿದ್ದರು. 2006ರ ಮೇ ತಿಂಗಳ ಭೂಕಂಪ ಈ ಸೀಮೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದಾದ ಮೇಲೆ ಅವರು ಗುಂಪು ಕಟ್ಟಿಕೊಂಡು, ಬಣ್ಣ ಹಾಕುವುದನ್ನೂ ಕಲಿತು, ತಾವೇ ಮಾರತೊಡಗಿದರು. ಕುಸಿದ ಮನೆಗಳ ನಡುವೆ ಮೂಡಿದ ಈ ಸ್ವಾವಲಂಬನೆ ದೊಡ್ಡ ಸಾಧನೆಯೇ ಸರಿ.

2009ರಲ್ಲಿ ಯುನೆಸ್ಕೊ ಇಂಡೊನೇಷ್ಯಾದ ಬಾಟಿಕ್ಕನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ಮಾಲಿಯೊಬೊರೊದ ಅಂಗಡಿಗಳಲ್ಲಿ ರಾಶಿ ಬಿದ್ದಿರುವ ಅಗ್ಗದ ಅಂಗಿಗಳಲ್ಲಿ ಬಹುಪಾಲು ಬಾಟಿಕ್ ಚಿತ್ರವನ್ನು ಯಂತ್ರದಲ್ಲಿ ಅಚ್ಚು ಹಾಕಿದವು. ಅವುಗಳ ಬೆಲೆಯ ಎದುರು ಕೈಕೆಲಸ ನಿಲ್ಲಲಾರದು. ಕೊಳ್ಳುವವರು ಬಟ್ಟೆಯನ್ನು ತಿರುವಿ ನೋಡಬೇಕು: ಕೈಯಿಂದ ಬರೆದದ್ದಾದರೆ ಎರಡೂ ಮಗ್ಗುಲಲ್ಲಿ ಬಣ್ಣ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ, ಅಚ್ಚಿನದಾದರೆ ಸಾಮಾನ್ಯವಾಗಿ ಹಿಂಬದಿ ಮಂಕಾಗಿರುತ್ತದೆ. ಸಾಧ್ಯವಿದ್ದವರು ಗಿರಿಲೋಯೊವರೆಗೆ ಹೋಗಿ, ಬಟ್ಟೆಯ ಮೇಲೆ ಗೆರೆ ಎಳೆದವರ ಕೈಗೇ ಹಣ ಕೊಟ್ಟು ಕೊಳ್ಳುವುದು ಒಳ್ಳೆಯದು.