ಗ್ವಾದಲಿ ಇಲ್ಲದ ಮನೆಗಳು

ಬಾದಾಮಿ ಸೀಮೆಯಲ್ಲಿ ಮಲಪ್ರಭಾ ದಂಡೆಗುಂಟ ಹೊರಟರೆ ಒಂದೇ ಹೆಸರಿನ ಎರಡೆರಡು ಊರು ಎದುರಾಗುತ್ತವೆ. ಹೊಳಿ ಕಡೆ ಹಳೆಯದು, ದಿನ್ನೆಯ ಮೇಲೆ ಹೊಸದು. ಹೊಸದರ ರಸ್ತೆಗಳು ನೂಲು ಹಿಡಿದಂತೆ ನೇರ. ಒಂದೇ ಅಚ್ಚಿನ ಮನೆಗಳ ಸಾಲು, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ನಂಬರು. ಕೆಲವು ಓಣಿಗಳಲ್ಲಿ ಸಂಸಾರ ನಡೆದಿದೆ: ಅಂಗಳದಲ್ಲಿ ಸಾರಣೆ, ಹಗ್ಗದ ಮೇಲೆ ಕೌದಿ, ತಗಡು ಹೊದಿಸಿ ತಾವೇ ಮುಂದಕ್ಕೆ ಎಳೆದುಕೊಂಡ ಪಡಸಾಲಿ. ಎರಡು ಓಣಿ ದಾಟಿದರೆ ಬಾಗಿಲಿಲ್ಲದ ಚೌಕಟ್ಟು, ಕಿಟಕಿಯ ಸರಳು ಕಿತ್ತ ತೂತು, ಒಳಗೆ ಆಡಿನ ಹಿಕ್ಕೆ, ಮೂಲೆಯಲ್ಲಿ ಯಾರೋ ಒಟ್ಟಿದ ಜೋಳದ ಕಣಿಕೆ. ಅಡುಗೆಕಟ್ಟೆಗೆ ಮಸಿಯೇ ಹತ್ತಿಲ್ಲ. ಹಿತ್ತಲ ಬಳ್ಳಾರಿ ಜಾಲಿ ಕಿಟಕಿಯೊಳಗೆ ಕೊಂಬೆ ಚಾಚಿದೆ.

ಇವು ಆಸರೆ ಮನೆಗಳು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಬಿಡದೆ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಹೊಳೆ ಉಕ್ಕಿ ಬಿದ್ದ ಮನೆ ಎಷ್ಟೋ. ನೆನೆನೆನೆದು ತನ್ನ ಭಾರಕ್ಕೆ ತಾನೇ ಕುಸಿದ ಮಣ್ಣಿನ ಮಾಳಿಗೆ ಎಷ್ಟೋ. ಸರ್ಕಾರ ‘ಆಸರೆ’ ಎಂಬ ಯೋಜನೆ ತಂದು, ದಾನಿಗಳನ್ನೂ ಕಂಪನಿಗಳನ್ನೂ ಮಠಗಳನ್ನೂ ಕರೆದು, ಊರಿಗೆ ಊರನ್ನೇ ಎತ್ತರಕ್ಕೆ ಕಟ್ಟಹೊರಟಿತು. ಉದ್ದೇಶದಲ್ಲಿ ತಪ್ಪು ಹುಡುಕಲಾಗದು. ಆದರೆ ಮನೆ ಕಟ್ಟುವವರ ಕೈಯಲ್ಲಿದ್ದ ನಕ್ಷೆಯಲ್ಲಿ ಮನುಷ್ಯರಿದ್ದರು, ದನ ಇರಲಿಲ್ಲ.

ಈ ಭಾಗದ ಹಳೆಯ ಮನೆಯ ಹೊಸ್ತಿಲು ದಾಟಿದರೆ ಮೊದಲು ಸಿಗುವುದೇ ದನ. ದನ ಕಟ್ಟುವ ಮಬ್ಬು ಬೆಳಕಿನ ದಂದಕ್ಕಿ, ಗೋಡೆಗುಂಟ ಮೇವು ಹಾಕುವ ಗ್ವಾದಲಿ, ಗಂಜಳದ ಘಾಟು. ಮೆಟ್ಟಿಲೆತ್ತರದಲ್ಲಿ ಮಂದಿಯ ಜಾಗ. ಬಾಗಿಲ ಹೊರಗೆ ಬಣವಿ, ಅದರಾಚೆ ತಿಪ್ಪಿ, ಊರ ನೆಲದೊಳಗೆ ಕಾಳಿನ ಹಗೇವು. ಎರಡು ಕೋಣೆಯ ಆಸರೆ ಮನೆಯಲ್ಲಿ ಇದ್ಯಾವುದಕ್ಕೂ ಗೇಣು ನೆಲವಿಲ್ಲ. ‘ಮನಿ ಕೊಟ್ಟಾರ, ಎತ್ತು ಎಲ್ಲಿ ಕಟ್ಟೂದ್ರೀ?’ ಎಂಬುದು ಹೊಳಿಸಾಲಿನ ಹಳ್ಳಿಗಳ ಹಳೆಯ ಪ್ರಶ್ನೆ. ಮೂರು ಅಣ್ಣತಮ್ಮಂದಿರ ಕೂಡುಮನೆಗೆ ಒಂದೇ ನಂಬರು ಬಂದಲ್ಲಿ ಜಗಳ, ಹಕ್ಕುಪತ್ರ ಕೈಗೆ ಬಾರದಲ್ಲಿ ಗುಮಾನಿ, ನೀರು ಏರದಲ್ಲಿ ಬೇಸರ. ಹೊಲ, ಗುಡಿ, ರೇಷನ್ ಅಂಗಡಿ ಕೆಳಗೇ ಉಳಿದ ಮೇಲೆ ಕಾಲು ಇಳಿಜಾರಿನ ಕಡೆಗೇ ಎಳೆಯುತ್ತದೆ.

2019ರ ಆಗಸ್ಟ್‌ನಲ್ಲಿ ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಧುಮ್ಮಿಕ್ಕಿದಾಗ ಪಟ್ಟದಕಲ್ಲಿನ ದೇವಾಲಯಗಳ ಅಂಗಳವೇ ಹೊಳೆಯಾಯಿತು. ಕಬ್ಬು, ಜಾಲಿ ಒತ್ತಿಕೊಂಡು ಬಂದು ಮಲಪ್ರಭೆಯ ಪಾತ್ರ ಅಷ್ಟರಲ್ಲಿ ಸೊರಗಿತ್ತು. ಜನ ಗಂಟುಮೂಟೆ ಹೊತ್ತು ದಿನ್ನೆ ಹತ್ತಿದರು. ಪಾಳುಬಿದ್ದ ಆಸರೆ ಮನೆಗಳಲ್ಲೂ ಒಲೆ ಉರಿದವು. ನೀರು ಇಳಿಯಿತು, ಜನರೂ ಇಳಿದರು.

ಹೊಳೆಯ ಜತೆ ಕೆಳಗೆ ಸಾಗಿದರೆ ಹುನಗುಂದ ಸೀಮೆಯ ಐಹೊಳೆ. ಇಲ್ಲಿಯ ತಕರಾರು ತಿರುವುಮುರುವು. ಮನೆಯ ಹಿತ್ತಲಿಗೊಂದು ಗುಡಿ, ಗುಡಿಯ ಬೆನ್ನಿಗೊಂದು ಮನೆ. ಲಾಡಖಾನ್ ಎಂಬಾತ ವಾಸವಿದ್ದ ಗುಡಿಗೆ ಇಂದಿಗೂ ಅವನದೇ ಹೆಸರು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಗುಡಿಗಳೇ ನೂರರ ಮೇಲಿರುವ ಊರಲ್ಲಿ ಅಳತೆಪಟ್ಟಿ ಹಿಡಿದು ನಿಂತರೆ ವೃತ್ತದ ಮೇಲೆ ವೃತ್ತ ಬೀಳುತ್ತದೆ. ಮಗನ ಮದುವೆಗೆ ಕೋಣೆ ಏರಿಸುವಂತಿಲ್ಲ. ಬಿದ್ದ ಗೋಡೆ ರಿಪೇರಿಗೂ ಪರವಾನಗಿಗೆ ಅರ್ಜಿ. ಶಾಸನದ ಕಲ್ಲು ಉಳಿಯಲೇಬೇಕು, ನಿಜ. ಆದರೆ ಇಲ್ಲಿ ಇರಬೇಕೆನ್ನುವವನಿಗೆ ಕಟ್ಟಲು ಬಿಡದೆ, ಅಲ್ಲಿ ಇರಲೊಲ್ಲೆ ಎನ್ನುವವನಿಗೆ ಕಟ್ಟಿಕೊಟ್ಟರೆ ಎರಡೂ ಕಡೆ ಉಳಿಯುವುದು ಪಾಳು ಗೋಡೆ.

ಇನ್ನೂ ಕೆಳಗೆ ಕೂಡಲಸಂಗಮ. ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಬಂದಾಗ ಬಸವಣ್ಣನ ಐಕ್ಯಮಂಟಪದ ಸುತ್ತ ಬಾವಿಯ ಆಕಾರದಲ್ಲಿ ಗೋಡೆ ಎಬ್ಬಿಸಿ, ಅದನ್ನು ನೀರಿನ ನಡುವೆಯೇ ಉಳಿಸಿಕೊಂಡರು. ಮೆಟ್ಟಿಲಿಳಿದು ಹೋಗುವ ಭಕ್ತರ ಸಾಲು ಇವತ್ತಿಗೂ ತುಂಡಾಗಿಲ್ಲ. ಏನು ಉಳಿಯಬೇಕು ಎಂಬುದು ಗಟ್ಟಿಯಾಗಿದ್ದರೆ ಎಂಜಿನಿಯರಿಂಗ್ ದಾರಿ ಹುಡುಕುತ್ತದೆ.

ಇಳಕಲ್ಲಿನಲ್ಲಿ ಮನೆಯ ಲೆಕ್ಕ ಮಗ್ಗದಿಂದ ಶುರು. ಕುಣಿಮಗ್ಗ ಎಂದರೆ ನೆಲ ತೋಡಬೇಕು. ನೇಕಾರ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರಬೇಕು. ಸೀರೆಯ ಮೈಗೂ ಕೆಂಪು ಟೋಪಿತೆನಿ ಸೆರಗಿಗೂ ಹಾಸು ಬೇರೆ ಬೇರೆ. ಅವೆರಡನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವಾಗ ಮನೆಮಂದಿಯೆಲ್ಲ ಕೈಗೂಡಿಸಬೇಕು. ಇಂಥವರಿಗೆ ಎರಡನೇ ಮಹಡಿಯ ಫ್ಲ್ಯಾಟು ಕೊಟ್ಟರೆ ಕುಣಿ ಎಲ್ಲಿ ತೋಡಿಯಾರು? ನೇಕಾರರಿಗೆ ವರ್ಕ್‌ಶೆಡ್ ಸಹಿತ ಮನೆ ಎಂಬ ಸರ್ಕಾರಿ ವಿಚಾರ ಹುಟ್ಟಿದ್ದು ಈ ತಿಳಿವಳಿಕೆಯಿಂದಲೇ.

ಇದೇ ಬಾಗಲಕೋಟೆ ಜಿಲ್ಲೆಯಲ್ಲಿ ಎತ್ತಿ ಕಟ್ಟಿದ ಮೇಲೂ ನೆಲೆಗೊಂಡ ಊರೂ ಇದೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ತಗ್ಗು ಓಣಿಗಳು ಹೋಗುತ್ತವೆಂದು ತಿಳಿದಾಗ 1983ರಲ್ಲಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರಕ್ಕೆಂದೇ ಕಾಯ್ದೆ ಬಂತು. ಹೊಸ ಊರಾದ ನವನಗರದ ಯೋಜನೆಗೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಬಂದರು. 1997ರಲ್ಲಿ ಜಿಲ್ಲೆಯಾದ ಮೇಲೆ ಕಚೇರಿ, ಕಾಲೇಜು, ಆಸ್ಪತ್ರೆ, ಬಸ್ಸು ಎಲ್ಲ ನವನಗರಕ್ಕೆ ಹತ್ತಿದವು. ಸೆಕ್ಟರ್ ನಂಬರು ಈಗ ಆಟೋದವನ ಬಾಯಲ್ಲಿ ಓಣಿಯ ಹೆಸರಿನಷ್ಟೇ ಸಲೀಸು. ಮುಳುಗಿದ ಊರಿನ ದುಃಖ ಹಿರಿಯರಲ್ಲಿ ಹಾಗೇ ಇದೆ. ಆದರೆ ಮನೆ ಖಾಲಿ ಉಳಿಯಲಿಲ್ಲ, ಏಕೆಂದರೆ ಮನೆಯ ಹಿಂದೆ ದುಡಿಮೆಯೂ ಬಂತು.

ಊರ ಹೊರಗಿನ ಹೊಲಗಳಲ್ಲಿ ಈಗ ಹೊಸ ಬೆಳೆ ಎದ್ದಿದೆ: ಸುಣ್ಣ ಬಳಿದ ಪ್ಲಾಟಿನ ಕಲ್ಲು, ಕಮಾನು, ‘ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆ’ ಎಂಬ ಫಲಕ. ಇಲ್ಲಿ ದುಡ್ಡು ಕಟ್ಟಿ ಕೊಳ್ಳುವವನಿಗೆ 2016ರ ರೇರಾ ಕಾಯ್ದೆಯ ಬಲವಿದೆ. ಕಟ್ಟುವವನು ಅವನ ದುಡ್ಡಿನ ಶೇ 70ರಷ್ಟನ್ನು ಬೇರೆ ಖಾತೆಯಲ್ಲಿಟ್ಟು ಅದೇ ಕೆಲಸಕ್ಕೆ ಬಳಸಬೇಕು, ಹೇಳಿದ ದಿನಕ್ಕೆ ಮುಗಿಸಬೇಕು. ಸಂತ್ರಸ್ತನಿಗೆ ಅಂಥ ಬಲವಿಲ್ಲ. ಪುಕ್ಕಟೆ ಮನೆಗೆ ತಕರಾರು ಎತ್ತಿದರೆ ಉಪಕಾರ ಮರೆತವನೆಂಬ ಹೆಸರು ಬೇರೆ.

ಆಲಮಟ್ಟಿಯ ನೀರಿನ ಮಟ್ಟ 519.60 ಮೀಟರ್‌ನಿಂದ 524.256ಕ್ಕೆ ಏರಬೇಕೆಂಬ ಮಾತು ಕೃಷ್ಣಾ ಎರಡನೇ ನ್ಯಾಯಮಂಡಳಿಯ ತೀರ್ಪಿನಿಂದಲೂ ನಡೆದಿದೆ. ಏರಿದರೆ ಮತ್ತೆ ಹಳ್ಳಿಗಳು ಏಳಬೇಕು. ಆಗ ಮನೆ ಮುಗಿದ ದಿನ ಗುತ್ತಿಗೆದಾರನ ಬಿಲ್ಲು ಪಾಸು ಮಾಡುವ ನಿಯಮ ಸಾಲದು. ನಕ್ಷೆ ಗ್ರಾಮಸಭೆಯಲ್ಲಿ ಓದಿ ಹೇಳಿದ್ದಾರೆಯೇ, ಹಕ್ಕುಪತ್ರ ಕೊಟ್ಟಿದ್ದಾರೆಯೇ, ನಳದಲ್ಲಿ ನೀರು ಬಂದಿದೆಯೇ, ಎತ್ತು ಕಟ್ಟಲು ಜಾಗ ಬಿಟ್ಟಿದ್ದಾರೆಯೇ ಎಂದು ನೋಡಿ, ಸಂಸಾರ ಬಂದು ಒಲೆ ಹೂಡಿದ ಮೇಲೆ ಕೊನೆಯ ಕಂತು ಬಿಡುವ ಕಾನೂನು ಬೇಕು.