ಕುಡಿತ ಬಿಡುವವರ ಕೂಟ

ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬುದು ಕುಡಿತದ ಚಟಕ್ಕೆ ಬಿದ್ದವರೇ ಸೇರಿ ತಮಗಾಗಿ ನಡೆಸಿಕೊಳ್ಳುವ ಕೂಟ. ಬಳಕೆಯಲ್ಲಿ ಅದು ಬರೀ ‘ಎ.ಎ.’ ಇಲ್ಲಿ ಚಿಕಿತ್ಸೆ ಕೊಡುವ ಡಾಕ್ಟರಿಲ್ಲ, ಫೀಸಿಲ್ಲ, ಅರ್ಜಿ ತುಂಬುವುದಿಲ್ಲ. ಸೇರಲು ಬೇಕಾದ ಅರ್ಹತೆ ಕುಡಿಯುವುದನ್ನು ನಿಲ್ಲಿಸಬೇಕೆಂಬ ಆಸೆ ಒಂದೇ. ಆಗಲೇ ನಿಲ್ಲಿಸಿರಬೇಕು ಎಂದೇನೂ ಇಲ್ಲ.

ಕೂಟ ಹುಟ್ಟಿದ್ದು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ. ನ್ಯೂಯಾರ್ಕಿನ ಷೇರುಪೇಟೆಯಲ್ಲಿದ್ದ ಬಿಲ್ ವಿಲ್ಸನ್ 1935ರ ಮೇ ತಿಂಗಳಲ್ಲಿ ವ್ಯವಹಾರಕ್ಕೆಂದು ಅಲ್ಲಿಗೆ ಹೋಗಿ ಕೈಸುಟ್ಟುಕೊಂಡಿದ್ದರು. ಕುಡಿತ ಬಿಟ್ಟು ಐದು ತಿಂಗಳಾಗಿತ್ತಷ್ಟೆ. ಉಳಿದುಕೊಂಡಿದ್ದ ಹೋಟೆಲಿನಲ್ಲೇ ಬಾರ್ ಇತ್ತು. ಅದರೊಳಗೆ ಕಾಲಿಡುವ ಬದಲು ಅವರು ಊರಿನ ಚರ್ಚುಗಳ ಪಟ್ಟಿ ನೋಡಿ ಫೋನು ಮಾಡತೊಡಗಿದರು. ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತಾಡಿದರೆ ತಾನು ಉಳಿದೇನು ಎಂಬುದು ಅವರ ಲೆಕ್ಕ. ಹಾಗೆ ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಹದಿನೈದು ನಿಮಿಷವಷ್ಟೇ ಎಂದು ಬಂದ ಡಾಕ್ಟರು ಆರು ತಾಸು ಕುಳಿತರು. ಎದುರಿಗಿದ್ದವನು ಬುದ್ಧಿ ಹೇಳದೆ ತನ್ನ ಕಥೆಯನ್ನೇ ಹೇಳಿಕೊಂಡದ್ದು ಅವರಿಗೆ ಹೊಸತು. ಸ್ಮಿತ್ ಕೊನೆಯ ಸಲ ಕುಡಿದದ್ದು ಜೂನ್ 10ರಂದು; ಎ.ಎ. ತನ್ನ ಹುಟ್ಟುಹಬ್ಬ ಆಚರಿಸುವುದು ಅದೇ ದಿನ. ಕುಡಿತದಿಂದ ಹೊರಬರಲು ಎ.ಎ. ತೋರಿಸುವ ದಾರಿಯಾದ ‘ಹನ್ನೆರಡು ಮೆಟ್ಟಿಲು’ಗಳನ್ನು ವಿವರಿಸಿದ ಪುಸ್ತಕ 1939ರಲ್ಲಿ ಬಂತು. ಭಾರತದಲ್ಲಿ ಎ.ಎ. ಬೇರೂರಿದ್ದು 1957ರ ಸುಮಾರಿಗೆ.

ಬೆಂಗಳೂರಿನಂಥ ಊರಲ್ಲಿ ಮೀಟಿಂಗ್ ಹುಡುಕುವುದು ಕಷ್ಟವಲ್ಲ. ಎ.ಎ. ಜಾಲತಾಣದಲ್ಲಿ ಮೀಟಿಂಗುಗಳ ವಿವರ ಸಿಗುತ್ತದೆ. ವ್ಯಸನಮುಕ್ತಿ ವಿಭಾಗವಿರುವ ಆಸ್ಪತ್ರೆಗಳಲ್ಲೂ ಕೇಳಬಹುದು. ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446. ಮೀಟಿಂಗುಗಳು ಅನೇಕ ಕಡೆ ಚರ್ಚಿನ ಅಥವಾ ಶಾಲೆಯ ಕೋಣೆಯಲ್ಲಿ ನಡೆಯುವುದರಿಂದ ಇದು ಮತಪ್ರಚಾರವಿರಬಹುದೇ ಎಂದು ಕೆಲವರು ಹಿಂಜರಿಯುತ್ತಾರೆ. ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ; ಸಂಜೆ ಹೊತ್ತು ಖಾಲಿಯಿರುವ, ಕಡಿಮೆ ಬಾಡಿಗೆಯ ಜಾಗ ಕೂಟಕ್ಕೆ ಬೇಕು, ಅಷ್ಟೆ. ಹೋಗುವ ಮುಂಚೆ ಎರಡು ಸಂಗತಿ ವಿಚಾರಿಸಿಕೊಂಡರೆ ಸಾಕು: ಮೀಟಿಂಗ್ ಯಾವ ಭಾಷೆಯದು, ಓಪನ್ನೋ ಕ್ಲೋಸ್ಡೋ. ಓಪನ್ ಮೀಟಿಂಗಿಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಭಾಷೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹೆಂಡತಿಯ ಸರ ಅಡವಿಟ್ಟು ಕುಡಿದ ಕಥೆಯನ್ನು ಕಲಿತ ಇಂಗ್ಲಿಷಿನಲ್ಲಿ ಹೇಳಲಾಗುವುದಿಲ್ಲ.

ಮೀಟಿಂಗ್ ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ. ಪ್ಲಾಸ್ಟಿಕ್ ಕುರ್ಚಿಗಳು, ಮೇಜಿನ ಮೇಲೆ ಪುಸ್ತಕ, ಪಕ್ಕದಲ್ಲಿ ಚಹಾ. ಅಂದಿನ ಮೀಟಿಂಗ್ ನಡೆಸುವ ಸರದಿ ಸದಸ್ಯರಲ್ಲೇ ಒಬ್ಬರದು. ಅವರು ಎ.ಎ. ಎಂದರೇನೆಂದು ಓದಿ ಹೇಳಿದ ಮೇಲೆ ಶೇರಿಂಗ್, ಅಂದರೆ ತಂತಮ್ಮ ಕಥೆ ಹೇಳಿಕೊಳ್ಳುವುದು, ಶುರು. ಮಾತಾಡುವವರು ಹೆಸರು ಹೇಳಿ, “ನಾನೊಬ್ಬ ಆಲ್ಕೊಹಾಲಿಕ್” ಎನ್ನುತ್ತಾರೆ. ಮನೆತನದ ಹೆಸರು, ಕೆಲಸ, ಜಾತಿ ಯಾರೂ ಕೇಳುವುದಿಲ್ಲ. ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೂ ತಿದ್ದುವಂತಿಲ್ಲ. ಎಲ್ಲರೂ ಎಲ್ಲರಿಗೂ ಸಲಹೆ ಕೊಡುವ ನಮ್ಮ ಸಮಾಜದಲ್ಲಿ ಈ ಒಂದು ನಿಯಮವೇ ದೊಡ್ಡ ಉಪಕಾರ. ಹೊಸಬರು ಸುಮ್ಮನೆ ಕೇಳುತ್ತಾ ಕೂರಬಹುದು. ಖರ್ಚಿಗೆಂದು ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಹಾಕಲೇಬೇಕೆಂದಿಲ್ಲ. ಹೊರಗಿನವರ ದೇಣಿಗೆಯನ್ನು ಎ.ಎ. ಪಡೆಯುವುದಿಲ್ಲ.

ನಿಜವಾದ ಕೆಲಸ ಎಷ್ಟೋ ಸಲ ಆಗುವುದು ಮೀಟಿಂಗ್ ಮುಗಿದ ಮೇಲೆ. ಹಳಬರು ಹೊಸಬರಿಗೆ ತಮ್ಮ ನಂಬರ್ ಕೊಡುತ್ತಾರೆ: ಕುಡಿಯಬೇಕೆನಿಸಿದಾಗ ಫೋನು ಮಾಡಿ, ಕುಡಿದ ಮೇಲಲ್ಲ. ಅವರಲ್ಲೊಬ್ಬರು ಮುಂದೆ ‘ಸ್ಪಾನ್ಸರ್’ ಆಗಿ ಮೆಟ್ಟಿಲುಗಳನ್ನು ಜೊತೆಗಿದ್ದು ದಾಟಿಸುತ್ತಾರೆ. ಜೀವಮಾನದ ಆಣೆ ಇಲ್ಲಿ ಹಾಕಿಸುವುದಿಲ್ಲ. ಇವತ್ತೊಂದು ದಿನ ಮೊದಲ ಗುಟುಕು ಬೇಡ, ಅಷ್ಟೇ. ಮೊದಲ ತೊಂಬತ್ತು ದಿನಕ್ಕೆ ತೊಂಬತ್ತು ಮೀಟಿಂಗ್ ಎಂಬ ಮಾತು ಚಾಲ್ತಿಯಲ್ಲಿದೆ. ನಡುವೆ ಜಾರಿ ಕುಡಿದವರು ಮತ್ತೆ ಬಂದರೆ ಬಾಗಿಲು ತೆರೆದೇ ಇರುತ್ತದೆ. ಮೆಟ್ಟಿಲುಗಳಲ್ಲಿ ಬರುವ ದೇವರ ಮಾತು ನಾಸ್ತಿಕರಿಗೆ ಇರುಸುಮುರುಸು ತರುವುದುಂಟು. ದೇವರೆಂದರೆ ಅವರವರು ತಿಳಿದಂತೆ ಎಂದು ಎ.ಎ. ಹೇಳಿದರೂ ಅದು ಎಲ್ಲರಿಗೂ ಒಗ್ಗುವುದಿಲ್ಲ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದನ್ನು ನೋಡಬಹುದು.

ಎ.ಎ.ಯಿಂದ ಫಲವಿದೆಯೇ ಎಂದು ತಿಳಿಯಲು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ಸಮೀಕ್ಷೆ 27 ಅಧ್ಯಯನಗಳನ್ನು ಪರಿಶೀಲಿಸಿತು. ಪೂರ್ತಿ ಕುಡಿತ ಬಿಟ್ಟಿರುವ ವಿಷಯದಲ್ಲಿ, ಎ.ಎ.ಗೆ ಜೋಡಿಸುವ ವ್ಯವಸ್ಥಿತ ಚಿಕಿತ್ಸೆಗಳು ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಡುತ್ತವೆ ಎಂದಿತು. ಆದರೆ ಮೀಟಿಂಗ್ ವೈದ್ಯಕೀಯ ಆರೈಕೆಯ ಜಾಗ ತುಂಬುವುದಿಲ್ಲ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ತಟ್ಟನೆ ಬಿಟ್ಟರೆ ಫಿಟ್ಸ್, ಭ್ರಮೆ, ಸನ್ನಿ ಬರಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಅಂಥವರು ಮೊದಲು ಡಾಕ್ಟರನ್ನು ಕಾಣಬೇಕು.

ಕುಡಿಯುವವರ ಮನೆಯವರಿಗೆ ಬೇರೆಯೇ ಕೂಟವಿದೆ: ಬಿಲ್ ಅವರ ಪತ್ನಿ ಲೋಯಿಸ್ ವಿಲ್ಸನ್ ಮತ್ತು ಗೆಳತಿ 1951ರಲ್ಲಿ ಕಟ್ಟಿದ ‘ಅಲ್-ಅನಾನ್’. ಕುಡಿಯುವವರು ಬಿಡದಿದ್ದರೂ ಮನೆಯವರು ಅಲ್ಲಿಗೆ ಹೋಗಬಹುದು.

ಎ.ಎ. ಗುಂಪಿಲ್ಲದ ಹಳ್ಳಿಗಳಲ್ಲಿ ಕನ್ನಡಿಗರಿಗೆ ಹೆಚ್ಚು ಪರಿಚಿತವಾದದ್ದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಇದರ ದಾರಿ ಬೇರೆ. ಎ.ಎ. ಸದಸ್ಯರ ಹೆಸರು ಮುಚ್ಚಿಟ್ಟು, ಅವರಾಗಿಯೇ ಬರಲೆಂದು ಕಾಯುತ್ತದೆ. ಶಿಬಿರ ಊರ ಹತ್ತು ಮಂದಿಯ ಎದುರಿಗೇ ನಡೆಯುತ್ತದೆ, ಮನೆಯವರನ್ನೂ ಕರೆಸುತ್ತದೆ. ಶಿಬಿರ ಮುಗಿಸಿದವರು ಮತ್ತೆ ಜಾರದಂತೆ ಆಗಾಗ ಸೇರಿ ಮಾತಾಡಲು ನವಜೀವನ ಸಮಿತಿಗಳಿವೆ.